ಪೂರ್ಣ ಪರದೆ ಮತ್ತು ಡೆಸ್ಕ್‌ಟಾಪ್ ಸ್ಥಳದ ನಿರ್ವಹಣೆ: ಲೆಕ್ಕಪತ್ರ ವಿಭಾಗಕ್ಕೊಂದು ಪಾಠ

ತಿಂಗಳ ಕೊನೆಯಲ್ಲಿ ಬ್ಯಾಂಕಿನ ಪಟ್ಟಿಗೂ ಅಂಗಡಿಯ ಲೆಕ್ಕಕ್ಕೂ ತಾಳೆ ನೋಡುವಾಗ ₹900 ವ್ಯತ್ಯಾಸ ಕಂಡುಬಂದರೆ, ಅನುಭವಸ್ಥ ಗುಮಾಸ್ತರು ಮೊದಲು ಆ ಮೊತ್ತವನ್ನು 9ರಿಂದ ಭಾಗಿಸಿ ನೋಡುತ್ತಾರೆ. ಶೇಷವಿಲ್ಲದೆ ಭಾಗವಾದರೆ, ಎಲ್ಲಿಯೋ ಎರಡು ಅಂಕಿಗಳು ಸ್ಥಾನಪಲ್ಲಟಗೊಂಡಿರಬಹುದೆಂದು ಅವರ ಎಣಿಕೆ. 54,360 ಎಂಬುದನ್ನು 53,460 ಎಂದು ದಾಖಲಿಸಿದರೆ ವ್ಯತ್ಯಾಸ 900. 7,281 ಎಂಬುದನ್ನು 7,218 ಎಂದು ದಾಖಲಿಸಿದರೆ 63. ಎರಡೂ 9ರಿಂದ ಭಾಗವಾಗುತ್ತವೆ. ಕೈಬರಹದ ಕಿರ್ದಿ ಪುಸ್ತಕಗಳ ಕಾಲದಿಂದ ಬಂದಿರುವ ಈ ಉಪಾಯವು ಗಣಕಯಂತ್ರ ಬಂದ ಮೇಲೆ ಅನಾವಶ್ಯಕವಾಗಬೇಕಿತ್ತು. ಹಾಗಾಗಿಲ್ಲ. ಯಂತ್ರವು ಕೂಡುವುದರಲ್ಲಿ ತಪ್ಪುವುದಿಲ್ಲ. ಅಂಕಿಯನ್ನು ಒಂದು ಕಡೆ ಓದಿ ಮತ್ತೊಂದು ಕಡೆ ಬರೆಯುವ ನಡುವಣ ಎರಡು ಕ್ಷಣಗಳಲ್ಲಿ ತಪ್ಪುವವನು ಮನುಷ್ಯ.

ಆ ಎರಡು ಕ್ಷಣಗಳಲ್ಲಿ ನಡೆಯುವುದೇನು? ಪರದೆಯ ಮೇಲೆ ಒಂದು ವಿಂಡೋ ಇಡೀ ಜಾಗವನ್ನು ಆವರಿಸಿರುತ್ತದೆ. ಬೇಕಾದ ಬಿಲ್ಲು ಅದರ ಹಿಂದೆ ಅಡಗಿರುತ್ತದೆ. ಗುಮಾಸ್ತರು ಬಿಲ್ಲನ್ನು ಮುಂದಕ್ಕೆ ತಂದು, ಮೊತ್ತವನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಅದನ್ನು ಹಿಂದಕ್ಕೆ ಸರಿಸಿ, ಲೆಕ್ಕದ ವಿಂಡೋವನ್ನು ಮುಂದಕ್ಕೆ ತಂದು ಬರೆಯುತ್ತಾರೆ. ಅಷ್ಟರಲ್ಲಿ ದೂರವಾಣಿ ಮೊಳಗಿದರೆ ಅಥವಾ ಗಿರಾಕಿಯೊಬ್ಬರು ದರ ಕೇಳಿದರೆ 54 ಹೋಗಿ 53 ಆಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಮನುಷ್ಯನ ಅಲ್ಪಾವಧಿ ಸ್ಮರಣೆಯ ಮಿತಿ ಏಳರ ಆಸುಪಾಸಿನದೆಂದು ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿಯೇ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಪ್ರತಿಪಾದಿಸಿದ್ದರು. ಜಿ.ಎಸ್.ಟಿ. ನೋಂದಣಿ ಸಂಖ್ಯೆಯಲ್ಲಿ 15 ಅಕ್ಷರಾಂಕಗಳಿವೆ. ಇ-ವೇ ಬಿಲ್ಲಿನ ಸಂಖ್ಯೆಯಲ್ಲಿ 12. ಇವುಗಳನ್ನು ತಲೆಯಲ್ಲಿ ಹೊತ್ತು ವಿಂಡೋದಿಂದ ವಿಂಡೋಕ್ಕೆ ಸಾಗಿಸುವುದು ಯಾರಿಗೂ ಸುಲಭವಲ್ಲ. ನೋಂದಣಿ ಸಂಖ್ಯೆಯ ಕೊನೆಯ ಅಕ್ಷರವು ಪರಿಶೀಲನೆಗೆಂದೇ ಇರುವುದರಿಂದ ಅಲ್ಲಿನ ತಪ್ಪನ್ನು ಯಂತ್ರವೇ ಬಹುಮಟ್ಟಿಗೆ ಹಿಡಿಯುತ್ತದೆ. ಮೊತ್ತಕ್ಕೆ ಅಂತಹ ಕಾವಲುಗಾರನಿಲ್ಲ.

ಆದುದರಿಂದ ಪರದೆಯ ಮೇಲಿನ ಸ್ಥಳವನ್ನು ಹೇಗೆ ಹಂಚಬೇಕೆಂಬುದು ಅಲಂಕಾರದ ವಿಷಯವಲ್ಲ, ಲೆಕ್ಕದ ಶುದ್ಧತೆಗೆ ಸಂಬಂಧಿಸಿದ ವಿಷಯ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡೂ ಉಳಿಯಬೇಕೆಂಬ ನಿಯಮ ಜಾರಿಗೆ ಬಂದಿದೆ. ತಪ್ಪಾಗಿ ಬರೆದು ಸದ್ದಿಲ್ಲದೆ ಅಳಿಸುವ ಕಾಲ ಅಂತಹ ಸಂಸ್ಥೆಗಳ ಮಟ್ಟಿಗೆ ಮುಗಿಯಿತೆಂದೇ ಹೇಳಬೇಕು.

ಕಡತದಿಂದ ಪರದೆಗೆ

ಕರ್ನಾಟಕದ ವರ್ತಕರೂ ಶಾನುಭೋಗರೂ ಹಿಂದೆ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಸಾಧನವದು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ. ಮಡಿಕೆಗಳನ್ನು ಬಿಚ್ಚುತ್ತ ಹೋದರೆ ಎಷ್ಟು ಪುಟ ಬೇಕೋ ಅಷ್ಟನ್ನೂ ಒಟ್ಟಿಗೆ ಕಾಣುವಂತೆ ಹರಡಿಕೊಳ್ಳಬಹುದಾಗಿದ್ದುದು ಅದರ ಅನುಕೂಲ. ಇಂದು ಕನ್ನಡದ ಗಣಕ ಪರಿಭಾಷೆಯಲ್ಲಿ ಫೈಲಿಗೆ ಕಡತವೆಂಬ ಹೆಸರೇ ನಿಂತಿದೆ. ಹೆಸರು ಉಳಿದು, ಹರಡಿಕೊಳ್ಳುವ ಅನುಕೂಲವನ್ನು ಮಾತ್ರ ಬಳಕೆದಾರರು ತಾವಾಗಿಯೇ ಬಿಟ್ಟುಕೊಟ್ಟಿರುವುದು ವಿಚಿತ್ರ.

ಪರದೆಯನ್ನು ಮೇಜಿನಂತೆ ಭಾವಿಸುವ ಕಲ್ಪನೆಯು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಬೆಳೆಯಿತು. ಅಲ್ಲಿ 1973ರಲ್ಲಿ ಆಲ್ಟೋ ಎಂಬ ಯಂತ್ರ ಸಿದ್ಧವಾಯಿತು. 1981ರಲ್ಲಿ ಸ್ಟಾರ್ ಎಂಬ ಯಂತ್ರ ಮಾರುಕಟ್ಟೆಗೆ ಬಂದಿತು. 1985ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿ ವಿಂಡೋಗಳು ಒಂದರ ಮೇಲೊಂದು ಬೀಳುತ್ತಿರಲಿಲ್ಲ. ನೆಲಕ್ಕೆ ಹಾಸಿದ ಕಲ್ಲುಚಪ್ಪಡಿಗಳಂತೆ ಪಕ್ಕಪಕ್ಕದಲ್ಲಿ ನಿಲ್ಲುತ್ತಿದ್ದವು. 1987ರ ಎರಡನೆಯ ಆವೃತ್ತಿಯಲ್ಲಿ ಒಂದರ ಮೇಲೊಂದು ಹೇರುವ ಸ್ವಾತಂತ್ರ್ಯ ದೊರೆಯಿತು. 1995ರಲ್ಲಿ, ಹೇರಿ ಮರೆಯಾದವುಗಳನ್ನು ಹುಡುಕಿಕೊಳ್ಳಲು ಪರದೆಯ ಕೆಳಗೆ ಟಾಸ್ಕ್‌ಬಾರ್ ಎಂಬ ಪಟ್ಟಿ ಬಂದಿತು. 2009ರ ವಿಂಡೋಸ್ 7ರಲ್ಲಿ ವಿಂಡೋವನ್ನು ಪರದೆಯ ಅರ್ಧಕ್ಕೆ ಕೂರಿಸುವ ಕೀಲಿ ಸೇರಿತು. ಅಂದರೆ ಇಪ್ಪತ್ತನಾಲ್ಕು ವರ್ಷ ಸುತ್ತಿ ಚಪ್ಪಡಿ ಹಾಸುವ ಪದ್ಧತಿಗೇ ಮರಳಿದಂತಾಯಿತು!

ಸ್ಥಳದ ಅಳತೆ

ಮೊದಲಿಗೆ ಇರುವ ಸ್ಥಳವೆಷ್ಟು ಎಂಬುದನ್ನು ತಿಳಿಯಬೇಕು. ಪರದೆಯ ಸ್ಥಳವನ್ನು ಚುಕ್ಕೆಗಳಲ್ಲಿ, ಅಂದರೆ ಪಿಕ್ಸೆಲ್‌ಗಳಲ್ಲಿ, ಅಳೆಯುವುದು ವಾಡಿಕೆ. ಎರಡು ದಶಕಗಳ ಹಿಂದೆ ಕಚೇರಿಗಳಲ್ಲಿ ಸಾಮಾನ್ಯವಾಗಿದ್ದ ಪರದೆಗೆ ಅಗಲ 1024, ಎತ್ತರ 768 ಚುಕ್ಕೆಗಳು. ಅನಂತರ ಬಂದ ಅಗಲ ಪರದೆಗಳಲ್ಲಿ ಅಗಲ 1366 ಆಯಿತು, ಎತ್ತರ 768 ಆಗಿಯೇ ಉಳಿಯಿತು. ಚಲನಚಿತ್ರ ನೋಡುವವರಿಗೆ ಇದು ಲಾಭ. ಉದ್ದುದ್ದ ಪಟ್ಟಿಗಳನ್ನು ಓದುವ ಲೆಕ್ಕಿಗರಿಗೆ ಸಿಕ್ಕಿದ್ದು ಶೂನ್ಯ. ಅಂಗುಲದ ಲೆಕ್ಕದಲ್ಲಿಯಂತೂ ನಷ್ಟವೇ. 17 ಅಂಗುಲದ ಹಳೆಯ ಆಕಾರದ ಪರದೆಯ ಎತ್ತರ 10 ಅಂಗುಲಕ್ಕಿಂತ ತುಸು ಹೆಚ್ಚಿದ್ದರೆ, 18.5 ಅಂಗುಲದ ಅಗಲ ಪರದೆಯ ಎತ್ತರ ಸುಮಾರು 9 ಅಂಗುಲ ಮಾತ್ರ. ಈಗ ಹೆಚ್ಚಾಗಿ ಮಾರಾಟವಾಗುವ 1920ಕ್ಕೆ 1080ರ ಪರದೆಯಲ್ಲಿ ಸುಮಾರು 20 ಲಕ್ಷ 73 ಸಾವಿರ ಚುಕ್ಕೆಗಳಿದ್ದು, ಅದು 1366ರ ಪರದೆಯ ಸುಮಾರು ಎರಡರಷ್ಟಾಗುತ್ತದೆ.

ಇರುವ ಎತ್ತರವನ್ನೂ ಅನೇಕ ಪಟ್ಟಿಗಳು ಹಂಚಿಕೊಳ್ಳುತ್ತವೆ. ಟಾಸ್ಕ್‌ಬಾರ್ ವಿಂಡೋಸ್ 10ರಲ್ಲಿ 40, ವಿಂಡೋಸ್ 11ರಲ್ಲಿ 48 ಚುಕ್ಕೆ ಎತ್ತರವಿರುತ್ತದೆ. ಎಕ್ಸೆಲ್ ಹಾಳೆಯ ಒಂದು ಸಾಲಿಗೆ ಬೇಕಾಗುವುದು 20 ಚುಕ್ಕೆ. ಹೀಗಾಗಿ ಕೆಳಗಿನ ಪಟ್ಟಿಯೊಂದೇ ಎರಡು ಸಾಲಿಗೂ ಹೆಚ್ಚು ಜಾಗವನ್ನು ಕಸಿದುಕೊಳ್ಳುತ್ತದೆ. ಎಕ್ಸೆಲ್‌ನ ನೆತ್ತಿಯ ಮೇಲೆ ಗುಂಡಿಗಳಿಂದ ತುಂಬಿರುವ ಪಟ್ಟಿಯನ್ನು ಕಂಟ್ರೋಲ್ ಮತ್ತು ಎಫ್1 ಕೀಲಿಗಳನ್ನು ಒಟ್ಟಿಗೆ ಒತ್ತಿ ಮಡಚಿದರೆ ಇನ್ನೂ ನಾಲ್ಕೈದು ಸಾಲುಗಳು ಕಾಣಿಸಿಕೊಳ್ಳುತ್ತವೆ. ಅದೇ ಕೀಲಿಗಳನ್ನು ಮತ್ತೆ ಒತ್ತಿದರೆ ಪಟ್ಟಿ ಹಿಂದಿರುಗುತ್ತದೆ. ಕಾಸು ಖರ್ಚಿಲ್ಲದ ಈ ಉಪಾಯವನ್ನು ಅರಿಯದೆ ದಿನವಿಡೀ ಮೌಸಿನ ಗಾಲಿಯನ್ನು ತಿರುಗಿಸುತ್ತಿರುವವರು ಬಹಳ ಮಂದಿ.

ಹಿಗ್ಗಿಸಿದ ವಿಂಡೋ ಬೇರೆ, ಪೂರ್ಣ ಪರದೆ ಬೇರೆ

ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಗೊಂದಲವಾಗುತ್ತದೆ. ವಿಂಡೋದ ಬಲತುದಿಯ ಚೌಕವನ್ನು ಒತ್ತಿದಾಗ, ಅಥವಾ ವಿಂಡೋಸ್ ಕೀಲಿಯೊಡನೆ ಮೇಲ್ಮುಖ ಬಾಣವನ್ನು ಒತ್ತಿದಾಗ, ವಿಂಡೋ ಪರದೆಯಷ್ಟೂ ಹಿಗ್ಗುತ್ತದೆ. ಆದರೆ ಅದರ ಶೀರ್ಷಿಕೆಯ ಪಟ್ಟಿ, ಕೆಳಗಿನ ಟಾಸ್ಕ್‌ಬಾರ್, ಗಡಿಯಾರ ಎಲ್ಲವೂ ಉಳಿದಿರುತ್ತವೆ. ಪೂರ್ಣ ಪರದೆಯಲ್ಲಾದರೋ ಇವೆಲ್ಲವೂ ಮರೆಯಾಗಿ ಕೆಲಸದ ಹಾಳೆಯೊಂದೇ ಪರದೆಯ ಅಂಚಿನಿಂದ ಅಂಚಿನವರೆಗೆ ನಿಲ್ಲುತ್ತದೆ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲಿಯೂ ಇದಕ್ಕೆ ಎಫ್11 ಕೀಲಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದರೊಡನೆ ಎಫ್ಎನ್ ಕೀಲಿಯನ್ನೂ ಒತ್ತಬೇಕಾಗುತ್ತದೆ. ಅಡೋಬಿಯ ಪಿ.ಡಿ.ಎಫ್. ಓದುಗದಲ್ಲಿ ಕಂಟ್ರೋಲ್ ಮತ್ತು ಎಲ್. ಎಕ್ಸೆಲ್‌ನ ಈಚಿನ ಆವೃತ್ತಿಗಳಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಫ್1. ಆಪಲ್ ಯಂತ್ರಗಳಲ್ಲಿ ಕಂಟ್ರೋಲ್, ಕಮಾಂಡ್ ಮತ್ತು ಎಫ್. ಹಿಂದಿರುಗಲು ಬಹುತೇಕ ಕಡೆ ಅದೇ ಕೀಲಿ ಅಥವಾ ಎಸ್ಕೇಪ್ ಕೀಲಿ ಸಾಕು.

ಪೂರ್ಣ ಪರದೆಗೆ ತಕ್ಕ ಕೆಲಸಗಳು ಇಲ್ಲದಿಲ್ಲ. ಮೂವತ್ತು ಪುಟಗಳ ಟೆಂಡರ್ ದಾಖಲೆಯನ್ನೋ ಸಾಲದ ಕರಾರನ್ನೋ ಓದುವಾಗ, ಬಂದ ಮಿಂಚಂಚೆಗಳೂ ಮೂಲೆಯಲ್ಲಿ ಮಿನುಗುವ ಸೂಚನೆಗಳೂ ಕಣ್ಣಿಗೆ ಬೀಳದಿರುವುದೇ ಒಳ್ಳೆಯದು. ಅಗಲವಾದ ದರಪಟ್ಟಿಯೊಂದನ್ನು ಇಡಿಯಾಗಿ ನೋಡಬೇಕಾದಾಗಲೂ ಹೀಗೆಯೇ. ಸಭೆಯಲ್ಲಿ ಸ್ಲೈಡುಗಳನ್ನು ತೋರಿಸುವುದಂತೂ ಪೂರ್ಣ ಪರದೆಯಲ್ಲಿಯೇ. ಇವೆಲ್ಲವೂ ಒಂದೇ ದಾಖಲೆಯನ್ನು ಬೇಡುವ ಕೆಲಸಗಳೆಂಬುದನ್ನು ಗಮನಿಸಬೇಕು.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಟ್ಯಾಲಿ ಸಂಸ್ಥೆಯ ತಂತ್ರಾಂಶವು ಮೊದಲಿನಿಂದಲೂ ಪರದೆಯನ್ನು ತುಂಬಿಕೊಂಡು, ಕೀಲಿಮಣೆಯಿಂದಲೇ ನಡೆಯುವ ಪದ್ಧತಿಯದು. ನಮೂದು ಮಾಡುವವರ ವೇಗಕ್ಕೆ ಅದು ಬಹಳ ಹೊಂದಿಕೊಂಡಿದೆ. ಆದರೆ ವೋಚರನ್ನು ಅರ್ಧ ಬರೆದಿರುವಾಗ ಗಿರಾಕಿಯ ಹಳೆಯ ಬಾಕಿಯನ್ನು ನೋಡಬೇಕಾದರೆ? ಹಿಂದೆ ಇದು ತೊಡಕಿನ ಕೆಲಸವಾಗಿತ್ತು. 2020ರ ನವೆಂಬರಿನಲ್ಲಿ ಬಂದ ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ಜಿ ಕೀಲಿಗಳನ್ನು ಒತ್ತಿ ಬೇಕಾದ ವರದಿಗೆ ಹೋಗಿ, ನೋಡಿ, ಎಸ್ಕೇಪ್ ಒತ್ತಿ ಬಿಟ್ಟ ಸ್ಥಳಕ್ಕೇ ಮರಳುವ ಅನುಕೂಲವಿದೆ. ಅರ್ಧ ಬರೆದ ವೋಚರ್ ಹಾಗೆಯೇ ಕಾದಿರುತ್ತದೆ.

ತಾಳೆ ನೋಡುವ ಆರು ದಿನಗಳು

ಹಿಗ್ಗಿಸಿದ ವಿಂಡೋ ನಿಜವಾಗಿ ಕೈಕೊಡುವುದು ತಾಳೆ ನೋಡುವ ಕೆಲಸದಲ್ಲಿ. ಜಿ.ಎಸ್.ಟಿ.ಆರ್.-2ಬಿ ಎಂಬ ತಖ್ತೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 2020ರಲ್ಲಿ ಜಾರಿಗೆ ಬಂದ ಈ ತಖ್ತೆ ಪ್ರತಿ ತಿಂಗಳ 14ರಂದು ಸಿದ್ಧವಾಗುತ್ತದೆ. ತಿಂಗಳಿಗೊಮ್ಮೆ ವಿವರ ಸಲ್ಲಿಸುವವರು 3ಬಿ ನಮೂನೆಯನ್ನು 20ರೊಳಗೆ ಸಲ್ಲಿಸಬೇಕು. ನಡುವೆ ಇರುವುದು ಆರು ದಿನ. ಅದರಲ್ಲಿ ಒಂದು ಭಾನುವಾರ ಬಹುತೇಕ ಖಚಿತ. 2022ರ ಜನವರಿ 1ರಿಂದ, ಮಾರಾಟಗಾರರು ಸಲ್ಲಿಸಿ ಈ ತಖ್ತೆಯಲ್ಲಿ ಕಾಣಿಸಿಕೊಂಡ ಬಿಲ್ಲುಗಳ ಮಟ್ಟಿಗೆ ಮಾತ್ರ ಇನ್‌ಪುಟ್ ತೆರಿಗೆಯ ಜಮೆ ದೊರೆಯುತ್ತದೆ. ಕಾಣಿಸದ ಬಿಲ್ಲಿಗೆ ಜಮೆ ತೆಗೆದುಕೊಂಡು ಬಳಸಿಕೊಂಡರೆ ವಾರ್ಷಿಕ ಶೇಕಡಾ 18ರ ಬಡ್ಡಿ. ಕಾಣಿಸಿದ ಬಿಲ್ಲನ್ನು ಗಮನಿಸದೆ ಬಿಟ್ಟರೆ ಸ್ವಂತ ಹಣವನ್ನು ಅನಾವಶ್ಯಕವಾಗಿ ಕಟ್ಟಿಹಾಕಿದಂತೆ.

ಒಂದು ಸಗಟು ಕಿರಾಣಿ ಮಳಿಗೆಯನ್ನು ಕಲ್ಪಿಸಿಕೊಳ್ಳೋಣ. ತಿಂಗಳಿಗೆ ಇನ್ನೂರು ಖರೀದಿ ಬಿಲ್ಲುಗಳು. ಒಂದು ಕಡೆ ಅಂಗಡಿಯ ಖರೀದಿ ಪುಸ್ತಕ, ಇನ್ನೊಂದು ಕಡೆ 2ಬಿ ತಖ್ತೆ. ಪ್ರತಿ ಬಿಲ್ಲಿಗೂ ಆಲ್ಟ್ ಮತ್ತು ಟ್ಯಾಬ್ ಕೀಲಿಗಳನ್ನೊತ್ತಿ ಹೋಗಿ ಬಂದರೆ ನಾಲ್ಕುನೂರು ಬಾರಿ ವಿಂಡೋ ಬದಲಾಯಿಸಿದಂತಾಯಿತು. ಪ್ರತಿ ಬಾರಿಯೂ ಒಂದು ಮೊತ್ತವನ್ನು ತಲೆಯಲ್ಲಿ ಹೊತ್ತಂತಾಯಿತು. ಇದರ ಬದಲು ಖರೀದಿ ಪುಸ್ತಕದ ವಿಂಡೋವನ್ನು ಆರಿಸಿ ವಿಂಡೋಸ್ ಕೀಲಿಯೊಡನೆ ಎಡಬಾಣವನ್ನು ಒತ್ತಬೇಕು. ಅದು ಪರದೆಯ ಎಡ ಅರ್ಧದಲ್ಲಿ ಕೂರುತ್ತದೆ. ಬಲ ಅರ್ಧದಲ್ಲಿ ಯಾವುದನ್ನು ಇಡಬೇಕೆಂದು ವಿಂಡೋಸ್ 10 ಮತ್ತು 11 ತಾವಾಗಿಯೇ ಕೇಳುತ್ತವೆ. ಅಲ್ಲಿ 2ಬಿ ತಖ್ತೆಯನ್ನು ಆರಿಸಿದರಾಯಿತು. ಎರಡರ ನಡುವಣ ಗೆರೆಯನ್ನು ಎಳೆದರೆ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಜಾಗ ಕೊಡಬಹುದು. ವಿಂಡೋಸ್ 11ರಲ್ಲಿ ವಿಂಡೋಸ್ ಕೀಲಿಯೊಡನೆ ಝಡ್ ಒತ್ತಿದರೆ ಜೋಡಣೆಯ ಸಿದ್ಧ ನಕ್ಷೆಗಳೇ ಕಾಣಿಸುತ್ತವೆ.

ಎಕ್ಸೆಲ್ ಬಳಸುವವರು ಇಲ್ಲೊಂದು ಭೇದವನ್ನು ಅರಿತಿರಬೇಕು. 2010ರ ಆವೃತ್ತಿಯವರೆಗೆ ಎರಡು ಪುಸ್ತಕಗಳನ್ನು ತೆರೆದರೂ ಅವು ಒಂದೇ ವಿಂಡೋದ ಹೊಟ್ಟೆಯೊಳಗೆ ಇರುತ್ತಿದ್ದವು. ಅವುಗಳನ್ನು ಬೇರ್ಪಡಿಸಿ ಪಕ್ಕಪಕ್ಕದಲ್ಲಿಡುವುದು ತ್ರಾಸದಾಯಕವಾಗಿತ್ತು. 2013ರ ಆವೃತ್ತಿಯಿಂದ ಪ್ರತಿ ಪುಸ್ತಕಕ್ಕೂ ತನ್ನದೇ ವಿಂಡೋ ಇದೆ. ಒಂದೇ ಪುಸ್ತಕದ ಎರಡು ಹಾಳೆಗಳನ್ನು ಒಟ್ಟಿಗೆ ನೋಡಬೇಕಾದರೆ ವ್ಯೂ ವಿಭಾಗದ ನ್ಯೂ ವಿಂಡೋ ಗುಂಡಿ ಇದೆ. ಅಲ್ಲಿಯೇ ಎರಡು ಹಾಳೆಗಳೂ ಜೊತೆಜೊತೆಯಾಗಿ ಉರುಳುವಂತೆ ಮಾಡುವ ಗುಂಡಿಯೂ ಉಂಟು. ಮೇಲಿನ ಶೀರ್ಷಿಕೆಯ ಸಾಲು ಉರುಳಿಹೋಗದಂತೆ ಫ್ರೀಜ್ ಪೇನ್ಸ್ ಹಾಕಿಕೊಳ್ಳುವುದು ಒಳಿತು. ಇಲ್ಲವಾದರೆ ಕೇಂದ್ರ ತೆರಿಗೆಯ ಅಂಕಣ ಯಾವುದು, ರಾಜ್ಯ ತೆರಿಗೆಯ ಅಂಕಣ ಯಾವುದು ಎಂಬುದೇ ಮರೆತುಹೋಗುತ್ತದೆ.

ಜೊತೆಯಾಗಿ ಉರುಳಿಸುವುದರಿಂದ ಪ್ರಯೋಜನವಾಗಬೇಕಾದರೆ ಎರಡು ಪಟ್ಟಿಗಳೂ ಒಂದೇ ಕ್ರಮದಲ್ಲಿರಬೇಕು. ಅಂಗಡಿಯ ಪುಸ್ತಕ ದಿನಾಂಕದ ಕ್ರಮದಲ್ಲಿಯೂ 2ಬಿ ಮಾರಾಟಗಾರರ ಕ್ರಮದಲ್ಲಿಯೂ ಇದ್ದರೆ ಪಕ್ಕಪಕ್ಕದಲ್ಲಿಟ್ಟೂ ಫಲವಿಲ್ಲ. ಎರಡನ್ನೂ ಮೊದಲು ನೋಂದಣಿ ಸಂಖ್ಯೆಯಿಂದ, ಅನಂತರ ಬಿಲ್ಲಿನ ಸಂಖ್ಯೆಯಿಂದ ವಿಂಗಡಿಸಬೇಕು. ಇನ್ನೂರು ಬಿಲ್ಲುಗಳಲ್ಲಿ ಸರಿಯಾಗಿ ಹೊಂದುವವುಗಳನ್ನು ಎಕ್ಸೆಲ್ ಸೂತ್ರವೋ ಲೆಕ್ಕಪತ್ರ ತಂತ್ರಾಂಶವೋ ಹುಡುಕಿಕೊಡುತ್ತದೆ. ಉಳಿಯುವವು ಯಂತ್ರಕ್ಕೆ ತಿಳಿಯದ ಬಿಲ್ಲುಗಳು: ಮಾರಾಟಗಾರರು 0045 ಎಂದು ಬರೆದಿದ್ದನ್ನು ಅಂಗಡಿಯಲ್ಲಿ 45 ಎಂದು ಬರೆದಿರುವುದು, ಸಾಗಣೆ ವೆಚ್ಚವನ್ನು ಒಬ್ಬರು ಸೇರಿಸಿ ಇನ್ನೊಬ್ಬರು ಬಿಟ್ಟಿರುವುದು, ಮೂವತ್ತೊಂದರ ಬಿಲ್ಲು ಮರುತಿಂಗಳಿಗೆ ಜಾರಿರುವುದು. ಇವುಗಳಿಗೆ ಮನುಷ್ಯನ ಕಣ್ಣೇ ಬೇಕು, ಮತ್ತು ಆ ಕಣ್ಣಿಗೆ ಎರಡು ಹಾಳೆಗಳೂ ಒಟ್ಟಿಗೆ ಕಾಣಬೇಕು.

ಪಿ.ಡಿ.ಎಫ್. ರೂಪದಲ್ಲಿ ಬಂದ ಬಿಲ್ಲನ್ನು ನೋಡಿ ನಮೂದಿಸುವಾಗಲೂ ಇದೇ ಜೋಡಣೆ ಸೂಕ್ತ. ಸಾಧ್ಯವಿರುವೆಡೆ ಅಂಕಿಯನ್ನು ಬೆರಳಚ್ಚು ಮಾಡುವ ಬದಲು ನಕಲಿಸಿ ಅಂಟಿಸುವುದು ಇನ್ನೂ ಕ್ಷೇಮ. ವಿಂಡೋಸ್ 10ಕ್ಕೆ 2018ರಲ್ಲಿ ಸೇರಿದ ಸೌಲಭ್ಯದಂತೆ ವಿಂಡೋಸ್ ಕೀಲಿಯೊಡನೆ ವಿ ಒತ್ತಿದರೆ ಈ ಮೊದಲು ನಕಲಿಸಿದ ಹಲವು ತುಣುಕುಗಳು ಪಟ್ಟಿಯಾಗಿ ದೊರೆಯುತ್ತವೆ. ನಕಲಿಸಿದ ಗುಪ್ತಪದಗಳೂ ಅದೇ ಪಟ್ಟಿಯಲ್ಲಿ ಉಳಿಯಬಹುದಾದ್ದರಿಂದ ಹಲವರು ಬಳಸುವ ಯಂತ್ರದಲ್ಲಿ ಇದನ್ನು ಚಾಲೂ ಮಾಡದಿರುವುದೇ ಲೇಸು.

ಕೊಠಡಿಗಳ ಕಲ್ಪನೆ

ಅರ್ಧ ಅರ್ಧ ಹಂಚಿದ ಮೇಲೂ ಉಳಿದ ವಿಂಡೋಗಳಿಗೆ ಜಾಗ ಎಲ್ಲಿ? ಈ ಪ್ರಶ್ನೆಗೆ ಜೆರಾಕ್ಸ್ ಕೇಂದ್ರದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 1986ರಲ್ಲಿ ರೂಮ್ಸ್ ಎಂಬ ಹೆಸರಿನ ವ್ಯವಸ್ಥೆಯೊಂದನ್ನು ಮುಂದಿಟ್ಟರು. ಸಣ್ಣ ಪರದೆಯಲ್ಲಿ ವಿಂಡೋಗಳು ಒಂದನ್ನೊಂದು ತಳ್ಳಾಡುವುದರಿಂದ, ಕೆಲಸ ಮಾಡುವವನು ಕೆಲಸಕ್ಕಿಂತ ಹೆಚ್ಚು ಹೊತ್ತನ್ನು ಅವುಗಳನ್ನು ಸರಿಸುವುದರಲ್ಲಿಯೇ ಕಳೆಯುವ ಸ್ಥಿತಿ ಬರುತ್ತದೆಂಬುದು ಅವರ ವಾದ. ಒಂದು ಕೆಲಸಕ್ಕೆ ಬೇಕಾದ ವಿಂಡೋಗಳನ್ನೆಲ್ಲ ಒಂದು ಕೊಠಡಿಯಲ್ಲಿಟ್ಟು, ಬೇರೆ ಕೆಲಸಕ್ಕೆ ಬೇರೆ ಕೊಠಡಿಗೆ ಹೋಗುವಂತೆ ಮಾಡಿದರು. ಇಂದಿನ ವರ್ಚುವಲ್ ಡೆಸ್ಕ್‌ಟಾಪ್‌ಗಳು ಇದರ ಮುಂದುವರಿಕೆ. ಲಿನಕ್ಸ್ ಬಳಕೆದಾರರಿಗೆ ಇವು ಬಹಳ ಹಿಂದಿನಿಂದಲೂ ಪರಿಚಿತ. ವಿಂಡೋಸ್‌ನಲ್ಲಿ 2015ರ ಆವೃತ್ತಿ 10ರಿಂದ ಲಭ್ಯ.

ವಿಂಡೋಸ್, ಕಂಟ್ರೋಲ್ ಮತ್ತು ಡಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹೊಸ ಡೆಸ್ಕ್‌ಟಾಪ್ ತೆರೆಯುತ್ತದೆ. ವಿಂಡೋಸ್ ಮತ್ತು ಕಂಟ್ರೋಲ್ ಜೊತೆ ಎಡ ಅಥವಾ ಬಲ ಬಾಣವನ್ನೊತ್ತಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಇವುಗಳಿಗೆ ಹೆಸರಿಡುವ ಅವಕಾಶವೂ ಇದೆ. ತೆರಿಗೆಯ ತಾಳೆ ಒಂದರಲ್ಲಿ, ಗಿರಾಕಿಗಳೊಡನೆ ಪತ್ರವ್ಯವಹಾರ ಇನ್ನೊಂದರಲ್ಲಿ ಎಂದಿಟ್ಟುಕೊಂಡರೆ, ದರ ಕೇಳಿ ಕರೆ ಬಂದಾಗ ಜೋಡಿಸಿಟ್ಟ ಹಾಳೆಗಳನ್ನು ಕದಲಿಸದೆ ಪಕ್ಕದ ಕೊಠಡಿಗೆ ಹೋಗಿ ಉತ್ತರಿಸಿ ಮರಳಬಹುದು. ಎರಡಕ್ಕಿಂತ ಹೆಚ್ಚು ಕೊಠಡಿಗಳನ್ನು ಮಾಡಿಕೊಂಡವರು ಯಾವುದು ಎಲ್ಲಿದೆ ಎಂದು ಹುಡುಕುತ್ತ ಕೂರುವುದೇ ಹೆಚ್ಚು. ಇದು ಬೀಗವಿಲ್ಲದ ಕೊಠಡಿ ಎಂಬುದನ್ನೂ ಮರೆಯಬಾರದು: ಪಕ್ಕದ ಡೆಸ್ಕ್‌ಟಾಪ್‌ನಲ್ಲಿರುವ ಸಂಬಳದ ಪಟ್ಟಿಯನ್ನು ಯಂತ್ರದ ಮುಂದೆ ಕುಳಿತ ಯಾರಾದರೂ ಮೂರು ಕೀಲಿ ಒತ್ತಿ ನೋಡಬಹುದು.

ಎರಡನೆಯ ಪರದೆ, ಕನ್ನಡದ ಅಕ್ಷರ

ದಿನವಿಡೀ ನಮೂದು ಮಾಡುವ ಮೇಜಿಗೆ ಎರಡನೆಯ ಮಾನಿಟರ್ ಕೊಡಿಸುವುದು ಸಾರ್ಥಕ ಖರ್ಚು. ಮೂಲ ದಾಖಲೆ ಒಂದರಲ್ಲಿ, ನಮೂದು ಇನ್ನೊಂದರಲ್ಲಿ. ಆಗ ಎರಡನ್ನೂ ಹಿಗ್ಗಿಸಿಯೇ ಇಡಬಹುದು. ವಿಂಡೋಸ್ ಕೀಲಿಯೊಡನೆ ಪಿ ಒತ್ತಿ ಎಕ್ಸ್‌ಟೆಂಡ್ ಎಂಬುದನ್ನು ಆರಿಸಬೇಕು. ಡೂಪ್ಲಿಕೇಟ್ ಎಂದಿದ್ದರೆ ಎರಡರಲ್ಲಿಯೂ ಒಂದೇ ಚಿತ್ರ ಬಂದು ಖರ್ಚು ವ್ಯರ್ಥವಾಗುತ್ತದೆ. ಎರಡನೆಯ ಪರದೆಯನ್ನು ಕಳಚಿದ ಮೇಲೆ ವಿಂಡೋವೊಂದು ಕಾಣದ ಕಡೆ ಸಿಕ್ಕಿಕೊಂಡರೆ, ಟಾಸ್ಕ್‌ಬಾರಿನಲ್ಲಿ ಅದನ್ನು ಆರಿಸಿ ವಿಂಡೋಸ್, ಶಿಫ್ಟ್ ಮತ್ತು ಎಡ ಅಥವಾ ಬಲ ಬಾಣ ಒತ್ತಿ ಕರೆತರಲು ನೋಡಬೇಕು. ಅದಕ್ಕೂ ಬಗ್ಗದಿದ್ದರೆ ಆಲ್ಟ್ ಮತ್ತು ಸ್ಪೇಸ್ ಒತ್ತಿ, ಎಂ ಒತ್ತಿ, ಬಾಣದ ಕೀಲಿಗಳಿಂದ ಎಳೆದು ತರಬಹುದು.

ಕನ್ನಡದಲ್ಲಿ ವ್ಯವಹರಿಸುವ ಕಚೇರಿಗಳಿಗೆ ಇನ್ನೊಂದು ಸಂಗತಿ ಮುಖ್ಯ. ಇಂಗ್ಲಿಷ್ ಅಕ್ಷರ ಸಣ್ಣದಾದರೂ ಓದಬಹುದು. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಮೇಲೆ ಗುಣಿತದ ಚಿಹ್ನೆ. ಸಣ್ಣದಾದರೆ ಒತ್ತಕ್ಷರಗಳು ಕಲಸಿಕೊಂಡು ಹೆಸರುಗಳೇ ಬದಲಾಗಿ ಕಾಣುತ್ತವೆ. ಇದಕ್ಕಾಗಿ ಡಿಸ್‌ಪ್ಲೇ ವ್ಯವಸ್ಥೆಯಲ್ಲಿ ಅಕ್ಷರಗಳನ್ನು ಶೇಕಡಾ 125ಕ್ಕೆ ಹಿಗ್ಗಿಸಿದರೆ, 1920ಕ್ಕೆ 1080ರ ಪರದೆಯು 1536ಕ್ಕೆ 864ರ ಪರದೆಯಂತೆ ವರ್ತಿಸುತ್ತದೆ. 150ಕ್ಕೆ ಹಿಗ್ಗಿಸಿದರೆ 1280ಕ್ಕೆ 720. ಕೊಂಡ ಸ್ಥಳದ ಒಂದು ಭಾಗವನ್ನು ಕಣ್ಣಿಗೆ ತೆರಿಗೆಯಾಗಿ ಕಟ್ಟಿದಂತೆಯೇ ಸರಿ. ಹಾಗೆಂದು ಕಟ್ಟದಿರುವುದು ಉಳಿತಾಯವಲ್ಲ. ನಲವತ್ತು ದಾಟಿದ ಗುಮಾಸ್ತರು ಮುಂದಕ್ಕೆ ಬಾಗಿ ಪರದೆಗೆ ಮೂಗು ತಾಗಿಸಿ ಕೂತಿದ್ದರೆ, ಮಾಲೀಕರು ಮೊದಲು ನೋಡಬೇಕಾದದ್ದು ಈ ಅಂಕಿಯನ್ನು.

ಪರರ ಕಣ್ಣಿಗೆ ಬೀಳುವ ಪರದೆ

ಗಿರಾಕಿಯೊಡನೆ ದೂರಸಭೆ ನಡೆಸುವಾಗ ಇಡೀ ಪರದೆಯನ್ನು ಹಂಚಿಕೊಂಡರೆ ಹಿಂದಿನ ವಿಂಡೋಗಳೂ ಮೂಲೆಯಲ್ಲಿ ಮೂಡುವ ಸಂದೇಶಗಳೂ ಅವರಿಗೆ ಕಾಣುತ್ತವೆ. ಬೇರೊಬ್ಬ ಗಿರಾಕಿಗೆ ಕೊಟ್ಟ ದರ ಒಂದು ಕ್ಷಣ ಕಂಡರೂ ಸಾಕು, ಚೌಕಾಸಿ ಅಲ್ಲಿಂದಲೇ ಆರಂಭ! ಪರದೆಯ ಬದಲು ಬೇಕಾದ ಒಂದೇ ವಿಂಡೋವನ್ನು ಹಂಚಿಕೊಳ್ಳುವ ಆಯ್ಕೆ ಎಲ್ಲ ಪ್ರಮುಖ ತಂತ್ರಾಂಶಗಳಲ್ಲಿಯೂ ಇದೆ. ಪವರ್‌ಪಾಯಿಂಟ್ ತೋರಿಸುವಾಗ ನಡುವೆ ಮಾತನಾಡಬೇಕಾದರೆ ಬಿ ಕೀಲಿಯನ್ನೊತ್ತಿ ಪರದೆಯನ್ನು ಕಪ್ಪಾಗಿಸಬಹುದು. ಮತ್ತೆ ಒತ್ತಿದರೆ ಚಿತ್ರ ಮರಳುತ್ತದೆ.

ಪೂರ್ಣ ಪರದೆಯನ್ನು ವಂಚಕರೂ ಬಲ್ಲರು. ಅಂತರಜಾಲದಲ್ಲಿ ಯಾವುದೋ ಜಾಹೀರಾತನ್ನು ಒತ್ತಿದೊಡನೆ ಪರದೆ ತುಂಬ ಕೆಂಪು ಎಚ್ಚರಿಕೆ, ಕರ್ಕಶ ಸದ್ದು, ಯಂತ್ರಕ್ಕೆ ಬೀಗ ಬಿದ್ದಿದೆ, ಈ ಸಂಖ್ಯೆಗೆ ಕರೆಮಾಡಿ ಎಂಬ ಸೂಚನೆ. ವಾಸ್ತವದಲ್ಲಿ ಅದು ಪೂರ್ಣ ಪರದೆಯಲ್ಲಿ ತೆರೆದುಕೊಂಡ ಒಂದು ಪುಟವಷ್ಟೆ. ಟಾಸ್ಕ್‌ಬಾರ್, ವಿಳಾಸ ಪಟ್ಟಿ, ಮುಚ್ಚುವ ಗುಂಡಿ ಕಾಣದಿರುವುದರಿಂದ ಯಂತ್ರವೇ ಕೈತಪ್ಪಿತೆಂಬ ಭ್ರಮೆ ಹುಟ್ಟುತ್ತದೆ. ಮೈಕ್ರೋಸಾಫ್ಟ್‌ನ ನಿಜವಾದ ದೋಷ ಸೂಚನೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಬೇಕು. ಪುಟ ಬಗ್ಗದಿದ್ದರೆ ಆಲ್ಟ್ ಮತ್ತು ಎಫ್4. ಅದೂ ಆಗದಿದ್ದರೆ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ನಿಲ್ಲಿಸಬೇಕು. ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ಮರಳಿ ತರಬೇಕೆ ಎಂದು ಕೇಳಿದರೆ ಬೇಡವೆನ್ನಬೇಕು. ಬ್ಯಾಂಕಿನ ಪುಟದಂತೆ ಕಾಣುವ ಯಾವುದಾದರೂ ತಾನಾಗಿಯೇ ಪೂರ್ಣ ಪರದೆಗೆ ಹಿಗ್ಗಿದರೆ, ಎಸ್ಕೇಪ್ ಒತ್ತಿ ನಿಜವಾದ ವಿಳಾಸ ಪಟ್ಟಿಯನ್ನು ಕಂಡ ಹೊರತು ಗುಪ್ತಪದವನ್ನು ಬರೆಯಕೂಡದು. ಹಣ ಹೋದದ್ದು ತಿಳಿದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣವನ್ನು ದಾರಿಯಲ್ಲಿಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮೇಜಿನ ಮೇಲೆ ಉಳಿದ ಕಡತಗಳು

ಕೊನೆಯದಾಗಿ, ವಿಂಡೋಗಳೆಲ್ಲದರ ಹಿಂದಿರುವ ಡೆಸ್ಕ್‌ಟಾಪ್. ವಿಂಡೋಸ್ ಮತ್ತು ಡಿ ಕೀಲಿ ಒತ್ತಿದರೆ ಇದು ಕಾಣುತ್ತದೆ, ಮತ್ತೆ ಒತ್ತಿದರೆ ವಿಂಡೋಗಳು ಮರಳುತ್ತವೆ. ಅನೇಕ ಮಳಿಗೆಗಳಲ್ಲಿ ಇಲ್ಲಿ ಗುರುತುಚಿತ್ರಗಳಿಗೆ ಕಾಲಿಡಲು ಜಾಗವಿರುವುದಿಲ್ಲ. ನೋಟಕ್ಕೆ ಮಾತ್ರವಾದರೆ ಸಹಿಸಬಹುದು. ಆದರೆ ಡೆಸ್ಕ್‌ಟಾಪ್ ಎಂಬುದು ಸಾಮಾನ್ಯವಾಗಿ ಸಿ ವಿಭಾಗದೊಳಗಿನ ಒಂದು ಕಡತಕೋಶ. ಯಂತ್ರ ಕೆಟ್ಟು, ದುರಸ್ತಿಗಾರರು ಸಿ ವಿಭಾಗವನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದರೆ, ಡಿ ವಿಭಾಗದಲ್ಲಿದ್ದವು ಉಳಿದು ಮೇಜಿನ ಮೇಲಿದ್ದವು ಅಳಿಯುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಯಂತ್ರಗಳನ್ನು ಬದಲಿಸುವವರೂ, ಹೊಸ ಆವೃತ್ತಿ ಹಾಕಿಸುವವರೂ ಬಹಳ ಮಂದಿ ಇದ್ದಾರೆ. ಯಂತ್ರವನ್ನು ದುರಸ್ತಿಗಾರರ ಕೈಗೆ ಕೊಡುವ ಮುನ್ನ ಡೆಸ್ಕ್‌ಟಾಪಿನಲ್ಲಿ ಏನಿದೆ ಎಂದು ನೋಡಿ ಬೇರೆಡೆ ನಕಲಿಸಿಕೊಳ್ಳಬೇಕು.

ಡೆಸ್ಕ್‌ಟಾಪ್ ಕಡತಕೋಶದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ವಿಭಾಗವನ್ನು ತೆರೆದರೆ ಅದು ಎಲ್ಲಿದೆಯೆಂದು ತಿಳಿಯುತ್ತದೆ; ಅಲ್ಲಿಂದಲೇ ಡಿ ವಿಭಾಗಕ್ಕೆ ಸ್ಥಳಾಂತರಿಸಲೂಬಹುದು. ಕೆಲವು ಹೊಸ ಯಂತ್ರಗಳಲ್ಲಿ ಅಲ್ಲಿ ಒನ್‌ಡ್ರೈವ್ ಎಂಬ ಹೆಸರು ಕಂಡರೆ, ಕಡತಗಳು ಅಂತರಜಾಲದ ದಾಸ್ತಾನಿಗೂ ಹೋಗುತ್ತಿವೆ ಎಂದರ್ಥ. ಉಚಿತವಾಗಿ ದೊರೆಯುವುದು 5 ಜಿ.ಬಿ. ಮಾತ್ರ, ಅದು ತುಂಬಿದ ಮೇಲೆ ಹೊಸ ಕಡತಗಳು ಅಲ್ಲಿಗೆ ಹೋಗುವುದಿಲ್ಲ. ಡಿ ವಿಭಾಗಕ್ಕೆ ಸರಿಸಿದರೂ ಅದು ಅದೇ ಡಿಸ್ಕಿನ ಇನ್ನೊಂದು ಭಾಗವಾಗಿದ್ದರೆ, ಡಿಸ್ಕೇ ಕೆಟ್ಟಾಗ ಎರಡೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಲೆಕ್ಕದ ದತ್ತಾಂಶವನ್ನೂ ಡೆಸ್ಕ್‌ಟಾಪಿನ ಕಡತಗಳನ್ನೂ ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ನಕಲಿಸಿ, ಆ ಡಿಸ್ಕನ್ನು ಯಂತ್ರದಿಂದ ಕಳಚಿ, ಗಲ್ಲಾಪೆಟ್ಟಿಗೆಯ ಬೀಗದೊಳಗೆ ಇಡತಕ್ಕದ್ದು.